ಮಿಂಚಿ ಮರೆಯಾದ ‘ಫ್ಲಾಶ್’

ಮನುಷ್ಯನು ನಿರ್ಮಿಸಿದ ವಸ್ತುಗಳಿಗೂ ಆಯುಷ್ಯವೆಂಬುದುಂಟು. ಕೆಲವು ಬಳಸಿ ಬಳಸಿ ಸವೆಯುತ್ತವೆ. ಕೆಲವನ್ನು ಅವುಗಳಿಗಿಂತ ಉತ್ತಮವಾದುದೊಂದು ಬಂದು ಮೂಲೆಗೆ ಸರಿಸುತ್ತದೆ. ಆದರೆ ಲೋಕದ ಕೋಟ್ಯಂತರ ಮನೆಗಳಲ್ಲಿ ನೆಲೆಸಿದ್ದ ಸಾಧನವೊಂದನ್ನು ಅದರ ಒಡೆಯರೇ ದಿನ ಗೊತ್ತುಪಡಿಸಿ, ಮೂರು ವರ್ಷಗಳಿಗೂ ಮುಂಚಿತವಾಗಿ ಸಾರಿ ಹೇಳಿ, ಕೊನೆಗಾಣಿಸಿದ ನಿದರ್ಶನಗಳು ವಿರಳ. ಗಣಕಯಂತ್ರದ ತೆರೆಯ ಮೇಲೆ ಚಿತ್ರಗಳನ್ನು ಕುಣಿಸುತ್ತಿದ್ದ, ಆಟಗಳನ್ನಾಡಿಸುತ್ತಿದ್ದ, ಚಲಚ್ಚಿತ್ರಗಳನ್ನು ತೋರಿಸುತ್ತಿದ್ದ ‘ಫ್ಲಾಶ್ ಪ್ಲೇಯರ್’ ಎಂಬ ತಂತ್ರಾಂಶದ ಕಥೆ ಅಂತಹುದು. 2020ರ ಡಿಸೆಂಬರ್ 31ರಂದು ಅಡೋಬಿ ಸಂಸ್ಥೆಯು ಅದರ ಪೋಷಣೆಯನ್ನು ನಿಲ್ಲಿಸಿತು. 2021ರ ಜನವರಿ 12ರಿಂದ ಫ್ಲಾಶ್‌ನಲ್ಲಿ ರಚಿತವಾದ ಯಾವುದೂ ಅದರೊಳಗೆ ನಡೆಯದಂತೆ ತಡೆಯನ್ನೂ ಹಾಕಿತು.

ಇದು ತಂತ್ರಜ್ಞರಿಗೆ ಸಂಬಂಧಿಸಿದ ಸಂಗತಿ, ಗೃಹಸ್ಥರಾದ ನಮಗೆ ಇದರಿಂದೇನು ಎಂದು ಓದುಗರು ಕೇಳಬಹುದು. ಇಂದು ನಮ್ಮ ಮನೆಗಳ ಲೆಕ್ಕಪತ್ರ, ಮಕ್ಕಳ ಪಾಠ, ಮದುವೆಯ ಛಾಯಾಚಿತ್ರ, ಹಿರಿಯರ ಧ್ವನಿ ಎಲ್ಲವೂ ಯಾವುದಾದರೊಂದು ತಂತ್ರಾಂಶದ ಆಶ್ರಯದಲ್ಲಿವೆ. ನಾವು ಆಶ್ರಯಿಸಿದ ಸಾಧನವೇ ಒಂದು ದಿನ ಅಪಾಯಕಾರಿಯೆಂದು ತಿಳಿದುಬಂದರೆ ಏನಾಗುತ್ತದೆ? ಅದನ್ನು ಕೈಬಿಟ್ಟರೆ ಅದರೊಳಗಿಟ್ಟ ವಸ್ತುಗಳ ಗತಿಯೇನು? ಈ ಎರಡು ಪ್ರಶ್ನೆಗಳಿಗೆ ಫ್ಲಾಶ್‌ನ ಉದಯಾಸ್ತಗಳಲ್ಲಿ ಉತ್ತರವಿದೆ. ಆದುದರಿಂದಲೇ ಇದನ್ನು ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಹುಟ್ಟು ಮತ್ತು ಏಳಿಗೆ

ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ 1993ರಲ್ಲಿ ಫ್ಯೂಚರ್‌ವೇವ್ ಎಂಬ ಸಣ್ಣ ಸಂಸ್ಥೆಯೊಂದು ಆರಂಭವಾಯಿತು. ಅದರ ಸ್ಥಾಪಕರಲ್ಲೊಬ್ಬರಾದ ಜೊನಾಥನ್ ಗೇ ಅವರು, ಲೇಖನಿಯಂತಹ ಸಾಧನದಿಂದ ಗಣಕದ ತೆರೆಯ ಮೇಲೆ ಚಿತ್ರ ಬರೆಯಲು ನೆರವಾಗುವ ತಂತ್ರಾಂಶವೊಂದನ್ನು ಸಿದ್ಧಪಡಿಸಿದರು. ಅಂತಹ ಗಣಕಗಳಿಗೆ ಗಿರಾಕಿಗಳು ದೊರೆಯದೆ ಆ ಪ್ರಯತ್ನ ಕೈಗೂಡಲಿಲ್ಲ. ಅಷ್ಟರಲ್ಲಿ ಅಂತರಜಾಲವು ಜನಸಾಮಾನ್ಯರ ಬಳಕೆಗೆ ಬರತೊಡಗಿತ್ತು. ಚಿತ್ರ ಬರೆಯುವ ತಂತ್ರಾಂಶಕ್ಕೆ ಚಿತ್ರವನ್ನು ಚಲಿಸುವಂತೆ ಮಾಡುವ ಶಕ್ತಿಯನ್ನೂ ಸೇರಿಸಿ, 1996ರಲ್ಲಿ ‘ಫ್ಯೂಚರ್‌ಸ್ಪ್ಲಾಶ್ ಅನಿಮೇಟರ್’ ಎಂಬ ಹೆಸರಿನಲ್ಲಿ ಅವರು ಅದನ್ನು ಹೊರತಂದರು. ಮೈಕ್ರೊಸಾಫ್ಟ್ ಮತ್ತು ಡಿಸ್ನಿ ಸಂಸ್ಥೆಗಳು ತಮ್ಮ ಜಾಲತಾಣಗಳಲ್ಲಿ ಅದನ್ನು ಬಳಸಿದವು. ಆ ವರ್ಷದ ಕೊನೆಯ ವೇಳೆಗೆ ಮ್ಯಾಕ್ರೊಮೀಡಿಯಾ ಸಂಸ್ಥೆಯು ಫ್ಯೂಚರ್‌ವೇವ್ ಅನ್ನು ಕೊಂಡುಕೊಂಡು, ಉದ್ದನೆಯ ಹೆಸರನ್ನು ಕುಗ್ಗಿಸಿ ‘ಫ್ಲಾಶ್’ ಎಂದು ನಾಮಕರಣ ಮಾಡಿತು.

ಇಲ್ಲೊಂದು ಸ್ವಾರಸ್ಯವುಂಟು. ಫ್ಯೂಚರ್‌ವೇವ್ ಸಂಸ್ಥೆಯವರು ತಮ್ಮ ತಂತ್ರಾಂಶವನ್ನು ಕೊಳ್ಳುವಿರಾ ಎಂದು 1995ರಲ್ಲಿ ಅಡೋಬಿ ಸಂಸ್ಥೆಯನ್ನೇ ಕೇಳಿದ್ದರು. ಅಡೋಬಿ ಆಗ ಒಲವು ತೋರಲಿಲ್ಲ. ಹತ್ತು ವರ್ಷಗಳ ಬಳಿಕ, 2005ರಲ್ಲಿ, ಅದೇ ಅಡೋಬಿ ಸುಮಾರು 340 ಕೋಟಿ ಡಾಲರ್ ಮೌಲ್ಯದ ಒಪ್ಪಂದದಲ್ಲಿ ಇಡೀ ಮ್ಯಾಕ್ರೊಮೀಡಿಯಾವನ್ನೇ ಕೊಂಡಿತು. ಅದರೊಡನೆ ಫ್ಲಾಶ್ ಕೂಡ ಅಡೋಬಿಯ ಪಾಲಾಯಿತು.

ಫ್ಲಾಶ್ ಜನಪ್ರಿಯವಾದುದಕ್ಕೆ ಕಾರಣವನ್ನು ರಂಗೋಲಿಯ ಉದಾಹರಣೆಯಿಂದ ತಿಳಿಯಬಹುದು. ನಮ್ಮ ಅಂಗಳದ ರಂಗೋಲಿಯೊಂದನ್ನು ದೂರದ ಊರಿನಲ್ಲಿರುವ ಮಗಳಿಗೆ ತಿಳಿಸಬೇಕಾದರೆ ಎರಡು ಮಾರ್ಗಗಳಿವೆ. ನೆಲದ ಅಂಗುಲ ಅಂಗುಲದಲ್ಲಿ ಯಾವ ಬಣ್ಣವಿದೆಯೆಂದು ಬರೆದು ಕಳುಹಿಸುವುದು ಒಂದು. ಇಷ್ಟು ಚುಕ್ಕಿ, ಇಷ್ಟು ಸಾಲು, ಈ ಚುಕ್ಕಿಯಿಂದ ಆ ಚುಕ್ಕಿಗೆ ಎಳೆ ಎಂದು ಹೇಳುವುದು ಇನ್ನೊಂದು. ಎರಡನೆಯದು ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ; ಅದರಂತೆ ಚಿಕ್ಕ ರಂಗೋಲಿಯನ್ನೂ ಹಾಕಬಹುದು, ಅಂಗಳ ತುಂಬುವ ರಂಗೋಲಿಯನ್ನೂ ಹಾಕಬಹುದು. ಫ್ಲಾಶ್ ಅನುಸರಿಸಿದುದು ಈ ಎರಡನೆಯ ಮಾರ್ಗವನ್ನು. ದೂರವಾಣಿ ತಂತಿಯ ಮೂಲಕ ಅಂತರಜಾಲವು ತೊಟ್ಟಿಕ್ಕುವ ನಲ್ಲಿಯಂತೆ ಬರುತ್ತಿದ್ದ ಆ ದಿನಗಳಲ್ಲಿ, ಇಷ್ಟು ಹಗುರವಾಗಿ ಚಲಿಸುವ ಚಿತ್ರಗಳನ್ನು ಕಳುಹಿಸಬಲ್ಲ ಸಾಧನವು ಎಲ್ಲರಿಗೂ ಬೇಕಾದುದು ಸಹಜವೇ ಆಗಿತ್ತು.

ಚಿತ್ರದ ಬೆನ್ನಿಗೆ ಸಂಗೀತ ಬಂದಿತು, ಆಟ ಬಂದಿತು, ಚಲಚ್ಚಿತ್ರ ಬಂದಿತು. 2005ರಲ್ಲಿ ಆರಂಭವಾದ ಯೂಟ್ಯೂಬ್ ತನ್ನ ದೃಶ್ಯಗಳನ್ನು ತೋರಿಸಲು ಫ್ಲಾಶ್ ಅನ್ನೇ ನೆಚ್ಚಿಕೊಂಡಿತ್ತು. 2009ರಲ್ಲಿ ಫೇಸ್‌ಬುಕ್‌ನಲ್ಲಿ ತೊಡಗಿದ ‘ಫಾರ್ಮ್‌ವಿಲ್’ ಎಂಬ ಬೇಸಾಯದ ಆಟ, ನೇಗಿಲನ್ನೇ ಕಾಣದ ನಗರವಾಸಿಗಳನ್ನೂ ಬಿತ್ತನೆ-ಕೊಯ್ಲುಗಳಲ್ಲಿ ತೊಡಗಿಸಿತು. ಇವೆಲ್ಲಕ್ಕಿಂತ ಮಿಗಿಲಾಗಿ, ದೊಡ್ಡ ಬಂಡವಾಳವಿಲ್ಲದ ವಿದ್ಯಾರ್ಥಿಗಳೂ ಹವ್ಯಾಸಿಗಳೂ ತಮ್ಮ ಕೋಣೆಯಲ್ಲಿ ಕುಳಿತು ವ್ಯಂಗ್ಯಚಿತ್ರ, ಕಿರುಕಥೆ, ಆಟಗಳನ್ನು ರಚಿಸಿ ಲೋಕದ ಮುಂದಿಡಲು ಸಾಧ್ಯವಾದುದು ಫ್ಲಾಶ್‌ನಿಂದ. ಈ ಉಪಕಾರವನ್ನು ಅದರ ಟೀಕಾಕಾರರೂ ಅಲ್ಲಗಳೆಯಲಾರರು.

ಮನೆಯೊಳಗೆ ಪರರ ಕೋಣೆ

ಹೀಗಿದ್ದರೂ ದೋಷವು ಹುಟ್ಟಿನಲ್ಲಿಯೇ ಅಡಗಿತ್ತು. ಜಾಲತಾಣಗಳನ್ನು ನೋಡಲು ನಾವು ಬಳಸುವ ತಂತ್ರಾಂಶಕ್ಕೆ ಬ್ರೌಸರ್ ಎನ್ನುತ್ತಾರೆ. ಫ್ಲಾಶ್ ಪ್ಲೇಯರ್ ಆ ಬ್ರೌಸರ್‌ನ ಅಂಗವಾಗಿರಲಿಲ್ಲ. ಹೊರಗಿನಿಂದ ತಂದು ಅದಕ್ಕೆ ಜೋಡಿಸಿದ ‘ಪ್ಲಗ್-ಇನ್’ ಆಗಿತ್ತು. ಮನೆಗೆ ತಾಗಿಸಿ ಕಟ್ಟಿದ ಕೋಣೆಯೊಂದನ್ನು ಊಹಿಸಿಕೊಳ್ಳೋಣ. ಅದಕ್ಕೆ ಬೀದಿಗೆ ತೆರೆಯುವ ಬಾಗಿಲೂ ಇದೆ, ನಡುಮನೆಗೆ ತೆರೆಯುವ ಬಾಗಿಲೂ ಇದೆ. ಆದರೆ ಬೀಗದ ಕೈ ಮನೆಯವರಲ್ಲಿಲ್ಲ. ಒಳಗೆ ಏನು ನಡೆಯುತ್ತಿದೆಯೆಂದು ಮನೆಯ ಯಜಮಾನನಿಗೆ ಕಾಣಿಸದು, ಗೋಡೆ ಬಿರುಕುಬಿಟ್ಟರೆ ಅವನು ದುರಸ್ತಿ ಮಾಡುವಂತಿಲ್ಲ, ಕಟ್ಟಿದವರೇ ಬರಬೇಕು. ಫ್ಲಾಶ್‌ನ ಸ್ಥಿತಿ ಇದೇ ಆಗಿತ್ತು. ಅದರ ಪ್ಲೇಯರ್‌ನ ಮೂಲ ಬರಹವು ಒಂದೇ ಸಂಸ್ಥೆಯ ವಶದಲ್ಲಿತ್ತು. ಬಾಗಿಲು ಮಾತ್ರ ಲೋಕದ ಎಲ್ಲ ಮನೆಗಳಲ್ಲಿಯೂ ಇತ್ತು.

ಬಿರುಕುಗಳು ಎಂತಹವು ಎಂಬುದನ್ನೂ ಸ್ಥೂಲವಾಗಿ ಹೇಳಬಹುದು. ಛತ್ರದಲ್ಲಿ ತಂಗಿದ್ದವನೊಬ್ಬನು ಕೊಠಡಿಯನ್ನು ತೆರವು ಮಾಡಿದನು. ಆದರೆ ಬೀಗದ ಕೈಯನ್ನು ಹಿಂದಿರುಗಿಸಲಿಲ್ಲ. ಆ ಕೊಠಡಿಗೆ ಈಗ ಬೇರೊಬ್ಬನು ಬಂದು ತನ್ನ ಗಂಟನ್ನು ಇಟ್ಟಿದ್ದಾನೆ. ಹಳಬನು ಮರೆತು ಮತ್ತೆ ಒಳಹೊಕ್ಕು, ಅಲ್ಲಿದ್ದುದು ತನ್ನದೇ ಗಂಟೆಂದು ಬಿಚ್ಚಿ ಬಳಸಿದರೆ ಏನಾಗುತ್ತದೆಯೋ ಅದೇ ಗಣಕದ ಸ್ಮೃತಿಕೋಶದಲ್ಲಿಯೂ ಆಗುತ್ತದೆ. ತಾನು ಬಿಟ್ಟುಕೊಟ್ಟ ಜಾಗವನ್ನು ತಂತ್ರಾಂಶವು ಮತ್ತೆ ತನ್ನದೆಂದೇ ಬಳಸುತ್ತದೆ. ದುಷ್ಟನಾದವನು ಅಲ್ಲಿ ಮುಂಚೆಯೇ ತನ್ನ ಆಜ್ಞೆಗಳನ್ನು ಬರೆದಿಟ್ಟಿದ್ದರೆ ಗಣಕವು ಅವನ ಮಾತನ್ನೇ ಪಾಲಿಸತೊಡಗುತ್ತದೆ. ಫ್ಲಾಶ್‌ನಲ್ಲಿ ಇಂತಹ ಲೋಪಗಳು ಒಂದರ ಮೇಲೊಂದು ಹೊರಬಿದ್ದವು. 2015ರ ಒಂದೇ ವರ್ಷದಲ್ಲಿ ದಾಖಲಾದ ಭದ್ರತಾ ಲೋಪಗಳು ಮುನ್ನೂರಕ್ಕೂ ಅಧಿಕ.

ಕೆಟ್ಟ ತಾಣಗಳಿಗೆ ಹೋದವರಿಗೆ ಮಾತ್ರ ಹಾನಿಯಾಗುತ್ತಿತ್ತೆಂದು ಭಾವಿಸಬಾರದು. ಜಾಹೀರಾತುಗಳು ಫ್ಲಾಶ್‌ನಲ್ಲಿ ರಚಿತವಾಗುತ್ತಿದ್ದುದರಿಂದ, ಗೌರವಾನ್ವಿತ ವೃತ್ತಪತ್ರಿಕೆಯ ತಾಣದಲ್ಲಿ ಮೂಡುವ ಜಾಹೀರಾತಿನೊಳಗೂ ವಿಷವನ್ನು ಅಡಗಿಸಿಡಲು ಸಾಧ್ಯವಿತ್ತು. ಓದುಗನು ಏನನ್ನೂ ಒತ್ತಬೇಕಾಗಿರಲಿಲ್ಲ. ಪುಟ ತೆರೆದರೆ ಸಾಕಾಗಿತ್ತು.

ದೊಡ್ಡವರೂ ಇದರಿಂದ ಪಾರಾಗಲಿಲ್ಲ. ಇತರರ ಗಣಕಗಳಿಗೆ ಭದ್ರತೆ ಒದಗಿಸುವುದನ್ನೇ ಉದ್ಯಮವಾಗಿಸಿಕೊಂಡಿದ್ದ ಆರ್‌ಎಸ್‌ಎ ಸಂಸ್ಥೆಯ ನೌಕರರಿಗೆ 2011ರಲ್ಲಿ ನೇಮಕಾತಿಯ ವಿವರವೆಂಬ ಸೋಗಿನ ಲೆಕ್ಕದ ಹಾಳೆಯೊಂದು ಮಿಂಚಂಚೆಯಲ್ಲಿ ಬಂದಿತು. ಅದರೊಳಗೆ ಫ್ಲಾಶ್‌ನ ತುಣುಕೊಂದನ್ನು ಅಡಗಿಸಲಾಗಿತ್ತು. ಒಬ್ಬರು ತೆರೆದರು, ಕಳ್ಳರು ಒಳನುಗ್ಗಿದರು. 2015ರ ಜುಲೈನಲ್ಲಿ, ಸರಕಾರಗಳಿಗೆ ಗೂಢಚರ್ಯೆಯ ತಂತ್ರಾಂಶ ಮಾರುತ್ತಿದ್ದ ಇಟಲಿಯ ‘ಹ್ಯಾಕಿಂಗ್ ಟೀಮ್’ ಎಂಬ ಸಂಸ್ಥೆಯ ಕಡತಗಳೇ ಬಯಲಾದವು. ಫ್ಲಾಶ್‌ನಲ್ಲಿ ಅದುವರೆಗೆ ಪ್ರಕಟವಾಗದಿದ್ದ ಲೋಪಗಳನ್ನು ಅವರು ಆಯುಧಗಳಂತೆ ಕೂಡಿಟ್ಟುಕೊಂಡಿದ್ದುದು ಆಗ ತಿಳಿಯಿತು. ಕೆಲವೇ ದಿನಗಳಲ್ಲಿ ಅವು ಸಾಮಾನ್ಯ ಕಳ್ಳರ ಕೈಸೇರಿದವು. ಫೈರ್‌ಫಾಕ್ಸ್ ಬ್ರೌಸರ್ ತಾತ್ಕಾಲಿಕವಾಗಿ ಫ್ಲಾಶ್ ಅನ್ನು ತಡೆಹಿಡಿಯಿತು. ಫೇಸ್‌ಬುಕ್‌ನ ಭದ್ರತಾ ಮುಖ್ಯಸ್ಥರಾಗಿದ್ದ ಅಲೆಕ್ಸ್ ಸ್ಟೇಮೋಸ್ ಅವರು ಫ್ಲಾಶ್‌ನ ಅಂತ್ಯಕ್ಕೆ ದಿನಾಂಕವೊಂದನ್ನು ಘೋಷಿಸಬೇಕೆಂದು ಬಹಿರಂಗವಾಗಿ ಒತ್ತಾಯಿಸಿದರು.

ಅಡೋಬಿ ಸಂಸ್ಥೆಯು ಕೈಕಟ್ಟಿ ಕುಳಿತಿರಲಿಲ್ಲ ಎಂಬುದನ್ನೂ ಹೇಳುವುದು ನ್ಯಾಯ. ಅದು ತಿಂಗಳು ತಿಂಗಳೂ ತೇಪೆಗಳನ್ನು ಹೊರತಂದಿತು. ಪ್ಲೇಯರ್ ತಾನಾಗಿಯೇ ನವೀಕರಣಗೊಳ್ಳುವ ಏರ್ಪಾಡು ಮಾಡಿತು. ಬ್ರೌಸರ್ ತಯಾರಕರೊಡನೆ ಕೂಡಿ ಅದನ್ನು ಬೇಲಿಯೊಳಗೆ ಕಟ್ಟಿಹಾಕಲು ಯತ್ನಿಸಿತು. ಆದರೆ ಹಳೆಯ ತಳಪಾಯದ ಮೇಲೆ ವರ್ಷ ವರ್ಷವೂ ಹೊಸ ಅಂತಸ್ತುಗಳನ್ನು ಏರಿಸಿದ ಕಟ್ಟಡಕ್ಕೆ ಸುಣ್ಣ ಬಳಿದರೆ ಬಿರುಕು ಮುಚ್ಚೀತೆ?

ಕೈಯೊಳಗಿನ ದೂರವಾಣಿ

ಭದ್ರತೆಯ ಸಮಸ್ಯೆಯೊಂದೇ ಆಗಿದ್ದರೆ ಫ್ಲಾಶ್ ಇನ್ನೂ ಕೆಲಕಾಲ ಬಾಳುತ್ತಿತ್ತೇನೋ. ಅದರ ಬುಡವನ್ನು ಅಲುಗಿಸಿದುದು ಅಂಗೈಯಲ್ಲಿ ಹಿಡಿಯುವ ದೂರವಾಣಿ. 2007ರಲ್ಲಿ ಬಂದ ಆ್ಯಪಲ್ ಸಂಸ್ಥೆಯ ಐಫೋನ್‌ನಲ್ಲಿ ಫ್ಲಾಶ್‌ಗೆ ಎಡೆಯಿರಲಿಲ್ಲ. 2010ರಲ್ಲಿ ಬಂದ ಐಪ್ಯಾಡ್‌ನಲ್ಲಿಯೂ ಇರಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಆ್ಯಪಲ್‌ನ ಮುಖ್ಯಸ್ಥ ಸ್ಟೀವ್ ಜಾಬ್ಸ್ ಅವರು ಬಹಿರಂಗ ಪತ್ರವೊಂದನ್ನು ಬರೆದು ತಮ್ಮ ಆಕ್ಷೇಪಗಳನ್ನು ಪಟ್ಟಿಮಾಡಿದರು. ಫ್ಲಾಶ್ ಒಂದೇ ಸಂಸ್ಥೆಯ ಸೊತ್ತು, ಭದ್ರತೆಯಲ್ಲಿ ದುರ್ಬಲ, ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತದೆ, ಮೌಸ್‌ಗಾಗಿ ರಚಿತವಾದುದರಿಂದ ಬೆರಳಿನ ಸ್ಪರ್ಶಕ್ಕೆ ಹೊಂದುವುದಿಲ್ಲ ಎಂಬುವು ಅವುಗಳಲ್ಲಿ ಮುಖ್ಯವಾದುವು. ಆ್ಯಪಲ್‌ಗೂ ತನ್ನದೇ ಆದ ವ್ಯಾಪಾರದ ಹಿತಾಸಕ್ತಿ ಇತ್ತು, ತನ್ನ ಅಂಗಡಿಯಿಂದಲೇ ಎಲ್ಲರೂ ತಂತ್ರಾಂಶ ಕೊಳ್ಳಬೇಕೆಂಬ ಇಚ್ಛೆ ಇತ್ತು ಎಂದು ಹಲವರು ಆಗಲೇ ಟೀಕಿಸಿದರು. ಆ ಟೀಕೆಯಲ್ಲಿಯೂ ಹುರುಳಿದೆ. ಆದರೆ ಪತ್ರದಲ್ಲಿನ ತಾಂತ್ರಿಕ ಆಕ್ಷೇಪಗಳನ್ನು ಕಾಲವು ಎತ್ತಿಹಿಡಿಯಿತು. 2011ರ ನವೆಂಬರ್‌ನಲ್ಲಿ ಅಡೋಬಿಯೇ ಮೊಬೈಲ್ ದೂರವಾಣಿಗಳ ಬ್ರೌಸರ್‌ಗಾಗಿ ಫ್ಲಾಶ್ ಪ್ಲೇಯರ್ ಅನ್ನು ಅಭಿವೃದ್ಧಿಪಡಿಸುವುದನ್ನು ಕೈಬಿಟ್ಟಿತು.

ಭಾಷೆಯ ಮತ್ತು ಓದುಗರ ದೃಷ್ಟಿಯಿಂದಲೂ ಫ್ಲಾಶ್‌ನಲ್ಲಿ ಕೊರತೆಗಳಿದ್ದವು. ಇಡೀ ತಾಣವನ್ನೇ ಫ್ಲಾಶ್‌ನಲ್ಲಿ ಕಟ್ಟಿದರೆ ಅದರೊಳಗಿನ ಅಕ್ಷರಗಳು ಹುಡುಕುಯಂತ್ರಗಳಿಗೆ ಸುಲಭವಾಗಿ ನಿಲುಕುತ್ತಿರಲಿಲ್ಲ. ದೃಷ್ಟಿಹೀನರಿಗಾಗಿ ತೆರೆಯನ್ನು ಓದಿಹೇಳುವ ತಂತ್ರಾಂಶಗಳಿಗೂ ಅನೇಕ ವೇಳೆ ಅದು ಮುಚ್ಚಿದ ಪೆಟ್ಟಿಗೆಯೇ ಆಗಿತ್ತು. ಒತ್ತಕ್ಷರ, ಗುಣಿತಾಕ್ಷರಗಳಿರುವ ನಮ್ಮ ಕನ್ನಡದಂತಹ ಲಿಪಿಗಳನ್ನು ಸರಿಯಾಗಿ ಜೋಡಿಸಿ ತೋರಿಸಲು ತಕ್ಕ ಹೊಸ ಅಕ್ಷರವ್ಯವಸ್ಥೆ ಅದರಲ್ಲಿ ಸೇರಿದುದು 2008ರ ಹತ್ತನೆಯ ಆವೃತ್ತಿಯಲ್ಲಿ.

ಅತ್ತ, ಯಾವ ಒಬ್ಬ ಸಂಸ್ಥೆಯ ಸೊತ್ತೂ ಅಲ್ಲದ ‘ಎಚ್‌ಟಿಎಂಎಲ್5’ ಎಂಬ ಸಾರ್ವಜನಿಕ ಮಾನದಂಡವು ರೂಪುಗೊಳ್ಳುತ್ತಿತ್ತು. ಚಿತ್ರ, ಧ್ವನಿ, ದೃಶ್ಯಗಳನ್ನು ಹೊರಗಿನ ಜೋಡಣೆಯ ಹಂಗಿಲ್ಲದೆ ಬ್ರೌಸರ್ ತಾನೇ ತೋರಿಸಲು ಅದು ಅನುವು ಮಾಡಿಕೊಟ್ಟಿತು. 2014ರ ಅಕ್ಟೋಬರ್‌ನಲ್ಲಿ ಅದಕ್ಕೆ ಅಧಿಕೃತ ಮನ್ನಣೆ ದೊರೆಯಿತು. 2015ರ ಜನವರಿಯಲ್ಲಿ ಯೂಟ್ಯೂಬ್ ಅದನ್ನೇ ತನ್ನ ಮುಖ್ಯ ಮಾರ್ಗವನ್ನಾಗಿ ಮಾಡಿಕೊಂಡಿತು. ಗೂಗಲ್ ಸಂಸ್ಥೆಯು ತನ್ನ ಕ್ರೋಮ್ ಬ್ರೌಸರ್‌ನ ಬಗೆಗೆ ನೀಡಿದ ಲೆಕ್ಕವು ಈ ಬದಲಾವಣೆಯನ್ನು ಸ್ಪಷ್ಟಪಡಿಸುತ್ತದೆ. 2014ರಲ್ಲಿ ಮೇಜಿನ ಗಣಕಗಳಲ್ಲಿ ಅದನ್ನು ಬಳಸುತ್ತಿದ್ದವರ ಪೈಕಿ ಶೇಕಡ 80ರಷ್ಟು ಜನರು ದಿನಕ್ಕೊಮ್ಮೆಯಾದರೂ ಫ್ಲಾಶ್ ಇರುವ ತಾಣಕ್ಕೆ ಹೋಗುತ್ತಿದ್ದರು. 2017ರ ವೇಳೆಗೆ ಆ ಪ್ರಮಾಣ ಶೇಕಡ 17ಕ್ಕೆ ಇಳಿದಿತ್ತು.

ಗಡುವು ಮತ್ತು ಸಿದ್ಧತೆ

2017ರ ಜುಲೈ 25ರಂದು ಅಡೋಬಿ ತನ್ನ ನಿರ್ಧಾರವನ್ನು ಪ್ರಕಟಿಸಿತು. 2020ರ ಕೊನೆಗೆ ಫ್ಲಾಶ್ ಪ್ಲೇಯರ್‌ನ ವಿತರಣೆಯೂ ನವೀಕರಣವೂ ನಿಲ್ಲುವುದಾಗಿಯೂ, ಎಲ್ಲರೂ ಅಷ್ಟರೊಳಗೆ ಬೇರೆ ಮಾರ್ಗಗಳಿಗೆ ಸಾಗಬೇಕೆಂದೂ ತಿಳಿಸಿತು. ಬ್ರೌಸರ್ ತಯಾರಿಸುವ ಆ್ಯಪಲ್, ಗೂಗಲ್, ಮೈಕ್ರೊಸಾಫ್ಟ್, ಮೊಜಿಲ್ಲಾ ಸಂಸ್ಥೆಗಳು ಈ ಕಾರ್ಯದಲ್ಲಿ ಜೊತೆಗೂಡಿದವು. ಹಂತ ಹಂತವಾಗಿ ಬ್ರೌಸರ್‌ಗಳು ಫ್ಲಾಶ್ ಅನ್ನು ನಡೆಸುವ ಮುನ್ನ ಅನುಮತಿ ಕೇಳತೊಡಗಿದವು, ಎಚ್ಚರಿಕೆ ನೀಡತೊಡಗಿದವು. 2021ರ ಜನವರಿಯಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳು ಅದನ್ನು ಪೂರ್ಣವಾಗಿ ತೆಗೆದುಹಾಕಿದವು.

ಮೂರು ವರ್ಷಗಳಿಗೂ ಮಿಕ್ಕ ಅವಕಾಶವಿದ್ದರೂ ಎಲ್ಲರೂ ಸಿದ್ಧರಾಗಿರಲಿಲ್ಲ. ದಕ್ಷಿಣ ಆಫ್ರಿಕದ ತೆರಿಗೆ ಇಲಾಖೆಯ ಕೆಲವು ನಮೂನೆಗಳು ಫ್ಲಾಶ್‌ನಲ್ಲಿಯೇ ಉಳಿದಿದ್ದವು. ಅವುಗಳನ್ನು ತುಂಬಲು ಬೇರೆ ದಾರಿ ಕಾಣದೆ, 2021ರ ಜನವರಿಯಲ್ಲಿ ಇಲಾಖೆಯು ಫ್ಲಾಶ್ ನಡೆಯುವಂತಹ ತನ್ನದೇ ಬ್ರೌಸರ್ ಒಂದನ್ನು ತೆರಿಗೆದಾರರಿಗೆ ಹಂಚಬೇಕಾಯಿತು. ಚೀನಾದ ದಾಲಿಯನ್‌ನ ರೈಲ್ವೆ ಡಿಪೊವೊಂದರಲ್ಲಿ ನಿತ್ಯದ ಕೆಲಸಕ್ಕೆ ಬಳಸುತ್ತಿದ್ದ ಗಣಕಗಳು ಜನವರಿ 12ರಂದು ತೊಡಕಿಗೆ ಸಿಲುಕಿ, ಸಿಬ್ಬಂದಿಯು ಫ್ಲಾಶ್‌ನ ಹಳೆಯ ಆವೃತ್ತಿಯನ್ನು ಮರಳಿ ಹಾಕಿ ಕಾರ್ಯ ಸಾಗಿಸಿದರು. ಮಳೆಗಾಲ ಬರುವುದೆಂದು ತಿಳಿದಿದ್ದರೂ ಮಾಡಿನ ಹೆಂಚನ್ನು ಹೊದಿಸದೆ, ಮೊದಲ ಹನಿ ಬಿದ್ದ ಮೇಲೆ ಏಣಿ ಹುಡುಕುವ ಸ್ವಭಾವವು ಯಾವುದೋ ಒಂದು ದೇಶಕ್ಕೆ ಸೀಮಿತವಲ್ಲ.

ಉಳಿಸಿಕೊಂಡವರು

ಅಪಾಯಕಾರಿಯಾದ ಪ್ಲೇಯರ್ ಹೋಗಲೇಬೇಕಾಗಿತ್ತು. ಆದರೆ ಅದರೊಡನೆ ಎರಡು ದಶಕಗಳ ಸೃಷ್ಟಿಯೂ ಹೋಗಬೇಕೆ? ಫಾರ್ಮ್‌ವಿಲ್‌ನ ಮೊದಲ ಆವೃತ್ತಿಯು 2020ರ ಡಿಸೆಂಬರ್ 31ರಂದೇ ಮುಚ್ಚಿತು. ವರ್ಷಗಟ್ಟಲೆ ಜನರು ಅಕ್ಕರೆಯಿಂದ ಬೆಳೆಸಿದ ಹೊಲಗಳು ಇಲ್ಲವಾದವು. ಅನಾಮಧೇಯ ಹವ್ಯಾಸಿಗಳ ಸಾವಿರಾರು ಕಿರುಚಿತ್ರಗಳೂ ಆಟಗಳೂ, ಓದಬಲ್ಲವರೇ ಇಲ್ಲದ ಓಲೆಗರಿಗಳಂತೆ ಮೂಕವಾಗುವ ಭೀತಿಯಿತ್ತು.

ಇಲ್ಲಿ ನೆರವಿಗೆ ಬಂದವರು ಬಹುಮಟ್ಟಿಗೆ ಸ್ವಯಂಸೇವಕರು. ‘ಫ್ಲಾಶ್‌ಪಾಯಿಂಟ್’ ಎಂಬ ಯೋಜನೆಯವರು ಅಳಿಯಲಿದ್ದ ಆಟಗಳನ್ನೂ ಚಿತ್ರಗಳನ್ನೂ ಲಕ್ಷಕ್ಕೂ ಮಿಕ್ಕ ಸಂಖ್ಯೆಯಲ್ಲಿ ಸಂಗ್ರಹಿಸಿದರು. ‘ರಫಲ್’ ಎಂಬ ಮತ್ತೊಂದು ಯೋಜನೆಯವರು, ಹಳೆಯ ಫ್ಲಾಶ್ ಕಡತಗಳನ್ನು ಓದಬಲ್ಲ ಹೊಸ ತಂತ್ರಾಂಶವನ್ನು ಮೊದಲಿನಿಂದ ಬರೆಯತೊಡಗಿದರು. ಅದರ ಮೂಲ ಬರಹವು ಎಲ್ಲರ ಪರಿಶೀಲನೆಗೆ ತೆರೆದಿದೆ. ಛತ್ರದ ಬೀಗದ ಕೈಯ ಉದಾಹರಣೆಯಲ್ಲಿ ಹೇಳಿದಂತಹ ಸ್ಮೃತಿಲೋಪಗಳಿಗೆ ಆದಷ್ಟೂ ಎಡೆಗೊಡದ ‘ರಸ್ಟ್’ ಎಂಬ ಗಣಕಭಾಷೆಯಲ್ಲಿ ಅದು ರಚಿತವಾಗಿದೆ. ಇದರ ಸಹಾಯದಿಂದ ‘ಇಂಟರ್‌ನೆಟ್ ಆರ್ಕೈವ್’ ಎಂಬ ಜಾಲ ಗ್ರಂಥಾಲಯವು 2020ರ ನವೆಂಬರ್‌ನಿಂದ ಹಳೆಯ ಫ್ಲಾಶ್ ಕೃತಿಗಳನ್ನು ಸಾರ್ವಜನಿಕರಿಗೆ ತೋರಿಸತೊಡಗಿತು. ಪಾತ್ರೆ ಒಡೆದಿದ್ದರೂ ಒಳಗಿನ ಕಾಳನ್ನು ಆಯ್ದುಕೊಂಡ ಈ ಕೆಲಸವನ್ನು ಎಷ್ಟು ಮೆಚ್ಚಿದರೂ ಸಾಲದು.

ನಮ್ಮ ಮನೆಗಳಿಗೆ ಅನ್ವಯ

ಈ ಇತಿಹಾಸದಿಂದ ಗೃಹಸ್ಥರು ನೆನಪಿಡಬೇಕಾದ ಕೆಲವು ಸಂಗತಿಗಳಿವೆ. ಮೊದಲನೆಯದು, ತೆರೆಯ ಮೇಲೆ ‘ನಿಮ್ಮ ಫ್ಲಾಶ್ ಪ್ಲೇಯರ್ ಹಳೆಯದಾಗಿದೆ, ಹೊಸದನ್ನು ಹಾಕಿಕೊಳ್ಳಿ’ ಎಂಬ ಸೂಚನೆ ಮೂಡಿದರೆ ಅದು ಮೋಸವೆಂದೇ ತಿಳಿಯಬೇಕು. ಫ್ಲಾಶ್ ಇದ್ದ ಕಾಲದಲ್ಲಿಯೇ ಕಳ್ಳರು ಅದರ ಹೆಸರನ್ನು ಬಳಸಿಕೊಳ್ಳುತ್ತಿದ್ದರು. 2017ರ ಅಕ್ಟೋಬರ್‌ನಲ್ಲಿ ರಷ್ಯ ಮತ್ತು ಉಕ್ರೇನ್ ದೇಶಗಳಲ್ಲಿ ಹಾವಳಿಯೆಬ್ಬಿಸಿದ ‘ಬ್ಯಾಡ್ ರ್‍ಯಾಬಿಟ್’ ಎಂಬ ಹಾನಿಕಾರಕ ತಂತ್ರಾಂಶವು ಫ್ಲಾಶ್‌ನ ನವೀಕರಣವೆಂಬ ವೇಷದಲ್ಲಿಯೇ ಬಂದು, ಗಣಕದ ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತಿತ್ತು. ಈಗಂತೂ ನವೀಕರಿಸಲು ಫ್ಲಾಶ್ ಎಂಬುದೇ ಉಳಿದಿಲ್ಲ. ಹಳೆಯ ಗಣಕದಲ್ಲಿ ಅದಿನ್ನೂ ಉಳಿದಿದ್ದರೆ ತಿಳಿದವರ ಸಹಾಯದಿಂದ ತೆಗೆಸಿಹಾಕುವುದು ಕ್ಷೇಮ. ಮನೆಯ ಹಿರಿಯರಿಗೆ ಈ ವಿಷಯವನ್ನು ಮಕ್ಕಳು ತಾಳ್ಮೆಯಿಂದ ತಿಳಿಸಿಹೇಳಬೇಕು.

ಎರಡನೆಯದು, ಅಟ್ಟದ ಪೆಟ್ಟಿಗೆಯಲ್ಲಿ ಮಕ್ಕಳ ಪಾಠದ ಹಳೆಯ ಸಿ.ಡಿ.ಗಳೋ, ಶಾಲೆಯ ದಿನಗಳಲ್ಲಿ ಮಗನೋ ಮಗಳೋ ರಚಿಸಿದ ಚಲಿಸುವ ಚಿತ್ರಗಳೋ ಇದ್ದು ಅವು ಫ್ಲಾಶ್ ಕಡತಗಳಾಗಿದ್ದರೆ, ಅವುಗಳನ್ನು ಎಸೆಯುವ ಅವಸರ ಬೇಡ. ರಫಲ್‌ನಂತಹ ತಂತ್ರಾಂಶದಿಂದ ಅವುಗಳಲ್ಲಿ ಅನೇಕವನ್ನು ಮತ್ತೆ ನೋಡಬಹುದು. ನೋಡಲು ಬಂದುದನ್ನು ಸಾಮಾನ್ಯ ದೃಶ್ಯಕಡತವಾಗಿ ಮುದ್ರಿಸಿಟ್ಟುಕೊಳ್ಳಬಹುದು. ಸಿ.ಡಿ.ಯೇ ಹಾಳಾಗುವ ಮುನ್ನ ಈ ಕೆಲಸ ಆಗಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಬಾಳಬೇಕಾದ ವಸ್ತುವನ್ನು ಒಬ್ಬರ ಕೈಯಲ್ಲಿ ಮಾತ್ರ ಬೀಗದ ಕೈ ಇರುವ ಪೆಟ್ಟಿಗೆಯಲ್ಲಿ ಇಡಬಾರದು. ಕುಟುಂಬದ ಛಾಯಾಚಿತ್ರ, ವಂಶಾವಳಿ, ಹಿರಿಯರ ಧ್ವನಿಮುದ್ರಣ, ಆಸ್ತಿಯ ಕಾಗದಪತ್ರಗಳ ಪ್ರತಿಗಳನ್ನು ಹಲವು ತಂತ್ರಾಂಶಗಳು ತೆರೆಯಬಲ್ಲ ಸಾಮಾನ್ಯ ರೂಪದಲ್ಲಿಯೇ ಇಡಬೇಕು; ಒಂದಕ್ಕಿಂತ ಹೆಚ್ಚು ಕಡೆ ಇಡಬೇಕು; ಕೆಲವು ವರ್ಷಗಳಿಗೊಮ್ಮೆ ತೆರೆದು ನೋಡಬೇಕು. ನಮ್ಮ ಸಂಘ-ಸಂಸ್ಥೆಗಳು, ವಿದ್ಯಾರ್ಥಿನಿಲಯಗಳು ತಮ್ಮ ದಾಖಲೆಗಳನ್ನು ಗಣಕಕ್ಕೆ ಏರಿಸುವಾಗಲೂ ಈ ಎಚ್ಚರಿಕೆ ಅಗತ್ಯ. ಯಾವ ತಂತ್ರಾಂಶ ಅಗ್ಗ, ಯಾವುದು ಆಕರ್ಷಕ ಎಂದು ಕೇಳುವುದರ ಜೊತೆಗೆ, ನಾಳೆ ಈ ಸಂಸ್ಥೆ ಬಾಗಿಲು ಮುಚ್ಚಿದರೆ ನಮ್ಮ ದಾಖಲೆಗಳನ್ನು ನಾವು ಹೊರತೆಗೆದುಕೊಳ್ಳಬಲ್ಲೆವೆ ಎಂದೂ ಕೇಳಬೇಕು.

ಫ್ಲಾಶ್ ಒಂದು ಕಾಲಕ್ಕೆ ಬೇಕಾದ ಕೆಲಸವನ್ನು ಚೆನ್ನಾಗಿ ಮಾಡಿತು. ಅದರ ಕಾಲ ಮುಗಿದ ಮೇಲೂ ಎಳೆದು ಉಳಿಸಿಕೊಂಡಿದ್ದರೆ ಲೋಕಕ್ಕೆ ಹಾನಿಯೇ ಹೆಚ್ಚಾಗುತ್ತಿತ್ತು. ಅದರಲ್ಲಿ ರಚಿತವಾದುದನ್ನು ಕಡೆಗಣಿಸಿದ್ದರೂ ನಷ್ಟವೇ ಆಗುತ್ತಿತ್ತು. ಸಾಧನವನ್ನು ಕಾಲಕ್ಕೆ ಸರಿಯಾಗಿ ಬಿಟ್ಟುಕೊಡುವ ಧೈರ್ಯ, ಅದರೊಳಗಿನ ಸತ್ತ್ವವನ್ನು ಮುಂದಿನವರಿಗೆ ದಾಟಿಸುವ ಶ್ರದ್ಧೆ ಇವೆರಡೂ ಇದ್ದಲ್ಲಿ ಯಾವ ಬದಲಾವಣೆಗೂ ಅಂಜಬೇಕಾಗಿಲ್ಲ. ನಮ್ಮ ಓದುಗರ ಮನೆಗಳಲ್ಲಿ ಕೂಡಿಟ್ಟ ನೆನಪುಗಳು ಮೊಮ್ಮಕ್ಕಳ ಕಾಲಕ್ಕೂ ತೆರೆದು ನೋಡುವಂತೆ ಉಳಿಯಲಿ ಎಂಬುದೇ ನಮ್ಮ ಆಶಯ.